ಬ್ರಸೆಲ್ಸಿನ ರೇಸಿಂಗ್ ಕ್ಲಬ್ಬು

ರಾಜವಂಶವೊಂದು ಅಳಿದರೆ ಅದರ ಶಾಸನಗಳುಳಿಯುತ್ತವೆ. ದೇವಾಲಯವು ಪಾಳುಬಿದ್ದರೆ ಕಂಬವೊಂದಾದರೂ ನಿಂತಿರುತ್ತದೆ. ಆಟದ ಸಂಘವೊಂದು ಅಳಿದರೆ ಉಳಿಯುವುದೇನು? ಗೆದ್ದ ಬಟ್ಟಲುಗಳು ಬೀರುವಿನೊಳಗೆ ಕಂದುತ್ತವೆ. ಆಡಿದವರು ಮುದುಕರಾಗಿ ತೀರಿಹೋಗುತ್ತಾರೆ. ನೋಡಿದವರ ನೆನಪು ಅವರೊಡನೆಯೇ ಹೋಗುತ್ತದೆ. ಹೀಗಿರುವಲ್ಲಿ ಅಂಥ ಸಂಘವೊಂದರ ಚರಿತ್ರೆಯನ್ನು ಹೇಳಹೊರಡುವುದು ವ್ಯರ್ಥಪ್ರಯಾಸವಲ್ಲವೇ ಎಂದು ಶ್ರೋತೃಗಳಲ್ಲಿ ಕೆಲವರು ಕೇಳಬಹುದು. ನಾವು ಹಾಗೆ ಎಣಿಸುವುದಿಲ್ಲ. ಒಂದು ನಗರದ ಜನರು ಬಿಡುವಿನ ವೇಳೆಯಲ್ಲಿ ಏನು ಮಾಡಿದರು, ಯಾರ ಜೊತೆಗೆ ಮಾಡಿದರು, ಯಾರನ್ನು ಹೊರಗಿಟ್ಟರು ಎಂಬುದು ಆ ನಗರದ ಯುದ್ಧಗಳಷ್ಟೇ ಅದರ ಚರಿತ್ರೆಯ ಭಾಗವು. ಆದುದರಿಂದ ಈ ಹೊತ್ತು ಬೆಲ್ಜಿಯಂ ದೇಶದ ರಾಜಧಾನಿಯಾದ ಬ್ರಸೆಲ್ಸಿನಲ್ಲಿ ೧೮೯೧ರಲ್ಲಿ ಹುಟ್ಟಿ, ಆರು ಸಲ ದೇಶದ ಅಗ್ರಪದವಿಯನ್ನು ಪಡೆದು, ೧೯೬೩ರಲ್ಲಿ ಕಾಲ್ಚೆಂಡಿನ ಲೋಕದಿಂದ ಮರೆಯಾದ ರೇಸಿಂಗ್ ಕ್ಲಬ್ ಎಂಬ ಸಂಘದ ವೃತ್ತಾಂತವನ್ನು ಹೇಳುತ್ತೇವೆ.

ಮೊದಲು ಆ ದೇಶದ ವಿಷಯವಾಗಿ ಎರಡು ಮಾತು. ಬೆಲ್ಜಿಯಂ ಬಹು ಚಿಕ್ಕ ದೇಶ. ಹಳೆಯ ಮೈಸೂರು ಸಂಸ್ಥಾನದ ಅರ್ಧದಷ್ಟೂ ಇಲ್ಲ. ೧೮೩೦ರಲ್ಲಿ ಸ್ವತಂತ್ರವಾಯಿತು. ಉತ್ತರದವರು ಡಚ್ ನುಡಿಯ ಪ್ರಭೇದವಾದ ಫ್ಲೆಮಿಷ್ ಆಡುವರು, ದಕ್ಷಿಣದವರು ಫ್ರೆಂಚ್ ಆಡುವರು. ಬ್ರಸೆಲ್ಸಿನಲ್ಲಿ ಎರಡೂ ಉಂಟು. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಉಳ್ಳವರ, ಓದಿದವರ ಮಾತು ಎಲ್ಲೆಲ್ಲಿಯೂ ಫ್ರೆಂಚೇ ಆಗಿತ್ತು. ಕಲ್ಲಿದ್ದಲು, ಕಬ್ಬಿಣ, ಗಾಜು, ನೂಲು ಇವುಗಳ ಉದ್ಯಮದಲ್ಲಿ ಯೂರೋಪು ಖಂಡದೊಳಗೆ ಆ ದೇಶವೇ ಇಂಗ್ಲೆಂಡನ್ನು ಮೊದಲು ಅನುಸರಿಸಿತು. ಯಂತ್ರಗಳನ್ನು ಅನುಸರಿಸಿದವರು ಆಟವನ್ನು ಬಿಟ್ಟಾರೆಯೇ?

ಕಾಲ್ಚೆಂಡು ಅಲ್ಲಿಗೆ ಬಂದ ಬಗೆಯನ್ನು ಕುರಿತು ಒಂದು ಹೇಳಿಕೆಯುಂಟು. ಘೆಂಟ್ ಪಟ್ಟಣದ ಬಳಿ ಮೆಲ್ಲೆ ಎಂಬ ಊರಿನಲ್ಲಿ ಪಾದ್ರಿಗಳು ನಡೆಸುತ್ತಿದ್ದ ವಿದ್ಯಾಶಾಲೆಗೆ ೧೮೬೩ನೆಯ ಅಕ್ಟೋಬರ್ ೨೬ರಂದು ಸಿರಿಲ್ ಮೊರ್ರೊ ಎಂಬ ಐರ್ಲೆಂಡಿನ ಹುಡುಗನು ಒಂದು ತೊಗಲ ಚೆಂಡನ್ನು ತಂದನಂತೆ; ಅದೇ ಬೆಲ್ಜಿಯಂ ನೆಲದ ಮೇಲೆ ಉರುಳಿದ ಮೊದಲನೆಯ ಕಾಲ್ಚೆಂಡು ಎಂದು ಅಲ್ಲಿಯವರು ಹೇಳಿಕೊಳ್ಳುತ್ತಾರೆ. ಲಂಡನ್ನಿನಲ್ಲಿ ಆಟದ ನಿಯಮಗಳನ್ನು ಗೊತ್ತುಪಡಿಸುವುದಕ್ಕಾಗಿ ಫುಟ್‌ಬಾಲ್ ಅಸೋಸಿಯೇಷನ್ ಸ್ಥಾಪಿತವಾದದ್ದೂ ಅದೇ ವರ್ಷ, ಅದೇ ತಿಂಗಳ ೨೬ರಂದೇ. ಎರಡು ದಿನಾಂಕಗಳು ಇಷ್ಟು ಅಂದವಾಗಿ ಕೂಡಿಬಂದಿರುವುದನ್ನು ನೋಡಿದರೆ ದಂತಕಥೆಯ ಕೈವಾಡವೂ ಅದರಲ್ಲಿ ಇರಬಹುದೆಂದು ನಮಗೆ ತೋರುತ್ತದೆ. ಅದು ಹೇಗೇ ಇರಲಿ, ಚೆಂಡನ್ನು ತಂದವರು ಬ್ರಿಟಿಷ್ ದ್ವೀಪಗಳವರು ಎಂಬುದರಲ್ಲಿ ಸಂದೇಹವಿಲ್ಲ. ವಾಟರ್ಲೂ ಕಾಳಗದ ತರುವಾಯ ಬ್ರಸೆಲ್ಸ್, ಬ್ರೂಜ್ ನಗರಗಳಲ್ಲಿ ಇಂಗ್ಲಿಷರ ವಸತಿಗಳು ಬೆಳೆದಿದ್ದುವು. ಆಂಟ್‌ವರ್ಪ್ ರೇವಿನಲ್ಲಿ ಅವರ ಹಡಗುಗಳೂ ವ್ಯಾಪಾರದ ಕೋಠಿಗಳೂ ಇದ್ದುವು. ಅಲ್ಲಿಯೇ ೧೮೮೦ರಲ್ಲಿ ಇಂಗ್ಲಿಷ್ ವಿದ್ಯಾರ್ಥಿಗಳು ಕೂಡಿ ಕಟ್ಟಿದ ಆಂಟ್‌ವರ್ಪ್ ಸಂಘವು ಬೆಲ್ಜಿಯಂ ಸಂಘಗಳಲ್ಲೆಲ್ಲ ಹಿರಿಯದು.

ರೇಸಿಂಗ್ ಕ್ಲಬ್ಬು ೧೮೯೧ರಲ್ಲಿ ಹುಟ್ಟಿದಾಗ ಅದು ಕಾಲ್ಚೆಂಡಿನ ಸಂಘವಾಗಿರಲಿಲ್ಲ. ಹೆಸರೇ ಹೇಳುವಂತೆ ಅದು ಓಟದ ಪಂದ್ಯಗಳಿಗಾಗಿ ಕೂಡಿದ ತರುಣರ ಕೂಟ. ಕಾಲ್ಚೆಂಡು ಕೆಲವು ವರ್ಷಗಳ ಮೇಲೆ ಬಂದು ಸೇರಿತು. ಪ್ಯಾರಿಸ್ಸಿನಲ್ಲಿ ೧೮೮೨ರಿಂದಲೇ ಅದೇ ಹೆಸರಿನ ಸಂಘವೊಂದಿತ್ತು. ಇಲ್ಲಿ ಹೆಸರುಗಳ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕೆಂದು ನಮ್ಮ ಆಸೆ. ಫ್ರೆಂಚ್ ಮಾತನಾಡುವ ಮನೆಗಳ ಹುಡುಗರು, ಫ್ಲೆಮಿಷ್ ಮಾತನಾಡುವ ಸೇವಕರ ನಡುವೆ ಬೆಳೆದವರು, ತಮ್ಮ ಸಂಘಗಳಿಗೆ ಇಟ್ಟ ಹೆಸರುಗಳನ್ನು ಕೇಳಿರಿ: ರೇಸಿಂಗ್, ಡೇರಿಂಗ್, ವೈಟ್ ಸ್ಟಾರ್, ಸ್ಟ್ಯಾಂಡರ್ಡ್, ಅಥ್ಲೆಟಿಕ್ ಅಂಡ್ ರನ್ನಿಂಗ್. ಎಲ್ಲವೂ ಇಂಗ್ಲಿಷು! ಆಟದ ಜೊತೆಯಲ್ಲಿ ಆಟದ ಶಬ್ದಗಳೂ ಕಡಲು ದಾಟಿ ಬಂದುವು. ಇಂಗ್ಲಿಷ್ ಹೆಸರಿಟ್ಟುಕೊಳ್ಳುವುದೆಂದರೆ ಆಗ ಹೊಸಗಾಲದವರೆನ್ನಿಸಿಕೊಳ್ಳುವುದು, ಗರಡಿಯ ಹಳೆಯ ಸಾಮಿನಿಂದ ಬಯಲಿನ ಗಾಳಿಗೆ ಬಂದವರೆನ್ನಿಸಿಕೊಳ್ಳುವುದು. ಫ್ರೆಂಚಿನವರಿಗೂ ಫ್ಲೆಮಿಷಿನವರಿಗೂ ಸೇರದ ಮೂರನೆಯ ಭಾಷೆಯಾದುದರಿಂದ ಯಾರಿಗೂ ಬೇಸರವಾಗಲಿಲ್ಲವೆಂಬುದು ಅದರ ಇನ್ನೊಂದು ಅನುಕೂಲ. ಹೀಗೆ ನಾವು ಊಹಿಸುತ್ತೇವೆ; ತರುಣರು ಹೆಸರಿಡುವಾಗ ಇಷ್ಟೆಲ್ಲ ಯೋಚಿಸುವರೆಂದು ನಂಬುವುದೂ ಕಷ್ಟವೇ ಸರಿ.

೧೮೯೫ನೆಯ ಸೆಪ್ಟೆಂಬರ್ ೧ರಂದು ಬೆಲ್ಜಿಯಂನ ವ್ಯಾಯಾಮ ಸಂಘಗಳು ಒಂದು ಒಕ್ಕೂಟವನ್ನು ಕಟ್ಟಿಕೊಂಡುವು. ಅದರ ಹೆಸರಿನಲ್ಲಿ ಕಾಲ್ಚೆಂಡಿನ ಮಾತೇ ಇರಲಿಲ್ಲ; ಓಟ, ನೆಗೆತ ಮುಂತಾದುವೂ ಅದರ ಆಡಳಿತಕ್ಕೆ ಒಳಪಟ್ಟಿದ್ದುವು. ಆ ವರ್ಷವೇ ದೇಶದ ಮೊದಲನೆಯ ಲೀಗ್ ಪಂದ್ಯಗಳು ಆರಂಭವಾದುವು. ಆಡಿದ ಸಂಘಗಳು ಏಳೇ. ಅವುಗಳಲ್ಲಿ ಆಂಟ್‌ವರ್ಪಿನದು ಒಂದು, ಬ್ರೂಜಿನದು ಒಂದು, ಲಿಯೇಜಿನದು ಒಂದು. ಉಳಿದ ನಾಲ್ಕೂ ಬ್ರಸೆಲ್ಸಿನವು. ಅಂದರೆ ಆಟವು ರಾಜಧಾನಿಯ ಹುಚ್ಚಾಗಿದ್ದಿತು. ಆದರೂ ಮೊದಲನೆಯ ವರ್ಷ ಗೆದ್ದವರು ಲಿಯೇಜಿನವರು. ಅವರ ಸಂಘವನ್ನು ೧೮೯೨ರಲ್ಲಿ ಕಟ್ಟಿದವರು ಸೈಕಲ್ ಸವಾರರು. ಓಟದವರ ಕೂಟವೊಂದು, ಸೈಕಲ್ಲಿನವರ ಕೂಟವೊಂದು, ಇವೆರಡೇ ಮುಂದಿನ ಎಂಟು ವರ್ಷ ಅಗ್ರಪದವಿಯನ್ನು ತಮ್ಮ ತಮ್ಮೊಳಗೆ ಹಂಚಿಕೊಂಡುವು. ೧೮೯೬, ೧೮೯೮, ೧೮೯೯ ಲಿಯೇಜಿನ ಪಾಲು. ೧೮೯೭, ಮತ್ತು ೧೯೦೦ರಿಂದ ೧೯೦೩ರವರೆಗೆ ಎಡೆಬಿಡದೆ ನಾಲ್ಕು ವರ್ಷ ರೇಸಿಂಗಿನ ಪಾಲು. ಮೂರನೆಯವರಿಗೆ ಬಾಗಿಲೇ ತೆರೆಯಲಿಲ್ಲ.

ಆ ಕಾಲದ ಆಟವನ್ನು ಈಗಿನ ಆಟವೆಂದು ಭಾವಿಸಬಾರದು. ಇಂದಿನ ಪ್ರೇಕ್ಷಕನೊಬ್ಬನನ್ನು ಅಲ್ಲಿ ಕೊಂಡೊಯ್ದು ನಿಲ್ಲಿಸಿದರೆ ಅರ್ಧ ಗಳಿಗೆಯಲ್ಲಿ ತಬ್ಬಿಬ್ಬಾದಾನು. ಗೋಲು ಕಾಯುವವನು ತನ್ನ ಅರ್ಧ ಬಯಲಿನಲ್ಲೆಲ್ಲ ಚೆಂಡನ್ನು ಕೈಯಿಂದ ಮುಟ್ಟಬಹುದಾಗಿತ್ತು; ಆ ಸ್ವಾತಂತ್ರ್ಯವು ತಪ್ಪಿದ್ದು ೧೯೧೨ರಲ್ಲಿ. ದಂಡದ ಹೊಡೆತ, ಅಂದರೆ ಪೆನಾಲ್ಟಿ, ೧೮೯೧ರಲ್ಲಿ ನಿಯಮಕ್ಕೆ ಬಂದಿತು. ಅದನ್ನು ವಿಧಿಸುವ ಆವರಣವು ಈಗ ಕಾಣುವ ಚೌಕಾಕಾರದಲ್ಲಿ ಬಯಲಿನ ಮೇಲೆ ಮೂಡಿದ್ದು ೧೯೦೨ರಲ್ಲಿ. ಮುಂದಿರುವ ಆಟಗಾರನಿಗೂ ಎದುರಾಳಿಯ ಗೋಲಿಗೂ ನಡುವೆ ಮೂವರು ಎದುರಾಳಿಗಳಿರಬೇಕು, ಇಲ್ಲವಾದರೆ ಆಫ್‌ಸೈಡು. ಈ ಮೂರು ಎರಡಕ್ಕಿಳಿದದ್ದು ೧೯೨೫ರಲ್ಲಿ. ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರು. ಎಲ್ಲರೂ ದಾಳಿಗೆ ನಿಂತವರಂತೆಯೇ. ಒಬ್ಬನ ಕಾಲು ಮುರಿದರೆ ಇನ್ನೊಬ್ಬನನ್ನು ತರುವಂತಿಲ್ಲ. ಹತ್ತು ಮಂದಿಯೇ ಆಟವನ್ನು ಮುಗಿಸಬೇಕು. ಆಡಿದ್ದಕ್ಕೆ ಸಂಬಳವೂ ಇಲ್ಲ. ಸಂಬಳವಿಲ್ಲದ ಆಟವನ್ನು ವಾರವಾರವೂ ಆಡಬಲ್ಲವರು ಯಾರು? ಬಿಡುವೂ ಹಣವೂ ಇರುವ ಮನೆಯವರು. ವಕೀಲರು, ವರ್ತಕರು, ವಿಶ್ವವಿದ್ಯಾನಿಲಯದ ಹುಡುಗರು, ಅವರ ನಡುವೆ ಬ್ರಸೆಲ್ಸಿನಲ್ಲಿ ನೆಲೆಸಿದ ಇಂಗ್ಲಿಷರು. ಈ ಸಂಗತಿಯನ್ನು ಶ್ರೋತೃಗಳು ನೆನಪಿನಲ್ಲಿಟ್ಟುಕೊಳ್ಳಬೇಕು. ಸಂಘವು ಏರಿದ್ದೂ ಇದರಿಂದಲೇ, ಇಳಿದದ್ದೂ ಇದರಿಂದಲೇ ಎಂದು ನಮ್ಮ ಅಭಿಪ್ರಾಯ.

ಬ್ರಸೆಲ್ಸಿನ ದಕ್ಷಿಣದ ಅಂಚಿನಲ್ಲಿ ಉಕ್ಲ್ ಎಂಬ ಉಪನಗರವುಂಟು. ಮಗ್ಗುಲಲ್ಲಿಯೇ ದೊಡ್ಡ ಕಾಡು. ಉಳ್ಳವರ ಮನೆಗಳು, ತೋಟಗಳು, ಗಾಡಿಗಳು ಓಡಾಡುವ ಸಾಲುಮರಗಳ ಬೀದಿಗಳು. ಅಲ್ಲಿನ ಒಂದು ಭಾಗಕ್ಕೆ ಫ್ರೆಂಚಿನಲ್ಲಿ ವಿವಿಯೆ ದ್ವಾ ಎಂದು ಹೆಸರು. ಕನ್ನಡದಲ್ಲಿ ಹೇಳುವುದಾದರೆ ಹೆಬ್ಬಾತಿನ ಕೊಳ. ರೇಸಿಂಗ್ ಕ್ಲಬ್ಬಿನ ಹೊಸ ಆಟದ ಬಯಲು ೧೯೦೨ರಲ್ಲಿ ಆರಂಭವಾದದ್ದು ಈ ಹೆಬ್ಬಾತಿನ ಕೊಳದಲ್ಲಿಯೇ. ನೋಡುವವರಿಗೆ ಕುಳಿತುಕೊಳ್ಳಲು ಅಟ್ಟಣೆಯನ್ನೂ ಕಟ್ಟಿಸಿದ್ದರು. ಹುಲ್ಲುಗಾವಲಿನ ಸುತ್ತ ಜನರು ಹಗ್ಗ ಹಿಡಿದು ನಿಂತು ನೋಡುತ್ತಿದ್ದ ದಿನಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ಅಟ್ಟಣೆಯನ್ನು ಕಟ್ಟಿಸಿದ ಸಂಘವು ಆಟವನ್ನು ಆಡುವುದಲ್ಲದೆ ತೋರಿಸುವುದೂ ತನ್ನ ಕೆಲಸವೆಂದು ಒಪ್ಪಿಕೊಂಡ ಹಾಗಾಯಿತು.

ಇನ್ನು ೧೯೦೪ನೆಯ ಮೇ ೧ನೆಯ ತಾರೀಖಿಗೆ ಬರೋಣ. ಈ ಸಂಘದ ಚರಿತ್ರೆಯಲ್ಲಿ ನಮಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸುವ ದಿನ ಇದು. ಆದುದರಿಂದ ಇದರಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಂತರೆ ಶ್ರೋತೃಗಳು ಮನ್ನಿಸಬೇಕು. ಅಂದು ಹೆಬ್ಬಾತಿನ ಕೊಳದ ಬಯಲಿನಲ್ಲಿ ಬೆಲ್ಜಿಯಂ ದೇಶದ ತಂಡವೂ ಫ್ರಾನ್ಸ್ ದೇಶದ ತಂಡವೂ ಎದುರಾದುವು. ಎರಡು ದೇಶಗಳಿಗೂ ಅದೇ ಮೊದಲನೆಯ ಅಧಿಕೃತ ಅಂತರರಾಷ್ಟ್ರೀಯ ಪಂದ್ಯ. ಯೂರೋಪು ಖಂಡದಲ್ಲಿ ಇದಕ್ಕೆ ಹಿಂದೆ ೧೯೦೨ರಲ್ಲಿ ಆಸ್ಟ್ರಿಯ, ಹಂಗೆರಿಗಳವರು ವಿಯೆನ್ನಾದಲ್ಲಿ ಆಡಿದ್ದರು. ಆದರೆ ಅವೆರಡೂ ಆಗ ಒಬ್ಬನೇ ಚಕ್ರವರ್ತಿಯ ಪ್ರಜೆಗಳ ದೇಶಗಳು. ಇಲ್ಲಿಯಾದರೋ ಗಡಿಯೂ ಬೇರೆ, ಧ್ವಜವೂ ಬೇರೆ.

ಇದಕ್ಕೆ ಮುಂಚೆ ಬೆಲ್ಜಿಯಂನವರು ನೆರೆಯ ಹಾಲೆಂಡಿನವರೊಡನೆ ಆಡಿರಲಿಲ್ಲವೆಂದಲ್ಲ. ೧೯೦೧ರಿಂದಲೇ ಆಂಟ್‌ವರ್ಪಿನಲ್ಲಿ ಅಂಥ ಪಂದ್ಯಗಳು ನಡೆದಿದ್ದುವು. ಆದರೆ ಆ ತಂಡಗಳಲ್ಲಿ ಬೆಲ್ಜಿಯಂನ ಸಂಘಗಳಿಗೆ ಆಡುತ್ತಿದ್ದ ಇಂಗ್ಲಿಷರೂ ಇದ್ದರು. ಇಂಗ್ಲಿಷರನ್ನಿಟ್ಟುಕೊಂಡು ಗೆದ್ದರೆ ಗೆದ್ದವರು ಯಾರು? ಚೆಂಡಿನ ಆಟದಲ್ಲಿ ಒಂದು ದೇಶವೆಂದರೆ ಏನು, ಅದರ ಪರವಾಗಿ ನಿಲ್ಲತಕ್ಕವನು ಅಲ್ಲಿ ಹುಟ್ಟಿದವನೋ, ಅಲ್ಲಿ ವಾಸಮಾಡುವವನೋ, ಅಲ್ಲಿನ ಸಂಘದ ಸದಸ್ಯನೋ ಎಂಬ ಪ್ರಶ್ನೆಗೆ ಆಗ ಉತ್ತರವಿರಲಿಲ್ಲ. ಆ ಪಂದ್ಯಗಳನ್ನು ದೇಶದ ಅಧಿಕೃತ ಲೆಕ್ಕದಿಂದ ಬಿಟ್ಟಿರುವುದಕ್ಕೆ ಕಾರಣವಿದೇ. ರೇಸಿಂಗಿನ ಬಯಲಿನಲ್ಲಿ ಸೇರಿದ ಹನ್ನೊಂದು ಮಂದಿ ಬೆಲ್ಜಿಯಂನವರೇ.

ಪಂದ್ಯಕ್ಕೆ ಎವಾನ್ಸ್ ಕೊಪ್ಪೆ ಎಂಬುವರ ಹೆಸರಿನ ಬಟ್ಟಲನ್ನು ಇಟ್ಟಿದ್ದರು. ಕಲ್ಲಿದ್ದಲನ್ನು ಸುಟ್ಟು ಕೋಕ್ ಮಾಡುವ ಒಲೆಗಳ ಉದ್ಯಮದಲ್ಲಿ ಆ ಮನೆತನದ ಹೆಸರು ಪ್ರಸಿದ್ಧವಾದದ್ದು. ಸುಮಾರು ೧,೫೦೦ ಮಂದಿ ನೋಡುವುದಕ್ಕೆ ಬಂದಿದ್ದರು. ಆಟವು ಆರಂಭವಾಗಿ ಏಳು ನಿಮಿಷಕ್ಕೆ ಬೆಲ್ಜಿಯಂನ ಜಾರ್ಜ್ ಕೆರಿತೆ ಮೊದಲನೆಯ ಗೋಲನ್ನು ಹೊಡೆದನು. ಫ್ರಾನ್ಸಿನವರು ಸುಮ್ಮನಿರಲಿಲ್ಲ. ಲೂಯಿ ಮೆನಿಯೆ ಒಂದು, ಅದರ ಬೆನ್ನಲ್ಲಿಯೇ ಮಾರಿಯಸ್ ರ್ವಾಯೆ ಒಂದು, ಹೀಗೆ ಕಣ್ಣುಮುಚ್ಚಿ ತೆರೆಯುವುದರೊಳಗೆ ಎರಡು ಗೋಲುಗಳಾದುವು. ಅರ್ಧ ವಿರಾಮದ ಮೇಲೆ ಕೆರಿತೆ ಇನ್ನೊಂದನ್ನು ಹೊಡೆದು ಸಮಮಾಡಿದನು. ಪಿಯರ್ ದೆಸ್ತ್ರ್‌ಬೆಕ್ ಮೂರನೆಯದನ್ನು ಹೊಡೆದು ಮುಂದಕ್ಕೊಯ್ದನು. ಬಟ್ಟಲು ಬೆಲ್ಜಿಯಂನವರ ಕೈಗೆ ಬಂದಿತೆಂದೇ ಎಲ್ಲರೂ ನಂಬಿರುವಾಗ, ಮುಗಿಯುವುದಕ್ಕೆ ಮೂರೇ ನಿಮಿಷವಿರುವಾಗ, ಗಸ್ತೋಂ ಸಿಪ್ರೆ ಎಂಬ ಫ್ರೆಂಚನು ಗೋಲು ಹೊಡೆದನು. ಮೂರಕ್ಕೆ ಮೂರು. ಬಟ್ಟಲು ಯಾರಿಗೂ ಸಿಕ್ಕಲಿಲ್ಲ.

ಆದರೆ ಆ ದಿನದ ಫಲವು ಬಟ್ಟಲಿನಲ್ಲಿರಲಿಲ್ಲ. ಫ್ರಾನ್ಸಿನ ತಂಡದ ಹಿಂದೆ ರೋಬೇರ್ ಗೆರ‍್ಯಾಂ ಎಂಬ ಪತ್ರಿಕೋದ್ಯಮಿಯಿದ್ದರು. ಬೆಲ್ಜಿಯಂ ಒಕ್ಕೂಟಕ್ಕೆ ಲೂಯಿ ಮ್ಯೂಲಿಂಗ್‌ಹೌಸ್ ಎಂಬುವರು ಕಾರ್ಯದರ್ಶಿ. ಖಂಡದ ದೇಶಗಳೆಲ್ಲ ಸೇರಿ ಆಟಕ್ಕೆ ಒಂದು ಮೇಲಾಡಳಿತವನ್ನು ಕಟ್ಟಬೇಕೆಂಬ ಯೋಚನೆ ಆಗ ನಡೆದಿತ್ತು. ಇಂಗ್ಲಿಷರ ಅಸೋಸಿಯೇಷನ್ನೇ ಮುಂದೆ ನಿಂತು ನಡೆಸಿಕೊಡಲಿ ಎಂದು ಕೇಳಿದ್ದಾಯಿತು, ಲಂಡನ್ನಿನವರು ಆತುರಪಡಲಿಲ್ಲ. ಆಟವನ್ನು ಹುಟ್ಟಿಸಿದವರಿಗೆ ಅದನ್ನು ಕಲಿತವರ ಆತುರವು ಎಂದಿಗಾದರೂ ಅರ್ಥವಾಗುತ್ತದೆಯೇ? ಮೇ ೧ರ ಪಂದ್ಯಕ್ಕೆ ಬ್ರಸೆಲ್ಸಿನಲ್ಲಿ ಕೂಡಿದ ಸಮಯದಲ್ಲಿ ಈ ಇಬ್ಬರು ಮಾತನಾಡಿಕೊಂಡರು. ಇಂಗ್ಲಿಷರಿಗಾಗಿ ಇನ್ನು ಕಾಯಬೇಕಾಗಿಲ್ಲವೆಂದು ತೋರಿತು. ಇಪ್ಪತ್ತು ದಿನಗಳ ಮೇಲೆ, ೧೯೦೪ನೆಯ ಮೇ ೨೧ರಂದು, ಪ್ಯಾರಿಸ್ಸಿನ ಸಾಂತೊನೊರೆ ಬೀದಿಯ ಮನೆಯೊಂದರ ಹಿಂಭಾಗದಲ್ಲಿ ಏಳು ದೇಶಗಳ ಪರವಾಗಿ ಸೇರಿದವರು ಫೀಫಾ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಫ್ರಾನ್ಸ್, ಬೆಲ್ಜಿಯಂ, ಡೆನ್ಮಾರ್ಕ್, ಹಾಲೆಂಡ್, ಸ್ಪೇನ್, ಸ್ವೀಡನ್, ಸ್ವಿಟ್ಜರ್ಲೆಂಡ್, ಇವೇ ಆ ಏಳು. ಗೆರ‍್ಯಾಂ ಅವರೇ ಮೊದಲನೆಯ ಅಧ್ಯಕ್ಷರಾದರು. ಒಬ್ಬ ಆಟಗಾರನು ಏಕಕಾಲದಲ್ಲಿ ಎರಡು ದೇಶಗಳ ಒಕ್ಕೂಟಗಳಿಗೆ ಆಡಕೂಡದೆಂಬುದು ಅವರು ಮಾಡಿಕೊಂಡ ಮೊದಲ ಕಟ್ಟಳೆಗಳಲ್ಲೊಂದು. ಇಂದು ಭೂಮಂಡಲದ ಕಾಲ್ಚೆಂಡನ್ನೆಲ್ಲ ಆಳುವ ಆ ಸಂಸ್ಥೆಯ ಹಿಂದೆ ಹೆಬ್ಬಾತಿನ ಕೊಳದ ಒಂದು ಭಾನುವಾರದ ಮಾತುಕತೆಯುಂಟು ಎಂಬುದು ಆ ಬಯಲಿಗೆ ಸಣ್ಣ ಗೌರವವಲ್ಲ.

ಸ್ವಾರಸ್ಯವೇನೆಂದರೆ, ರೇಸಿಂಗಿನ ಬಯಲಿನಲ್ಲಿ ಇಷ್ಟೆಲ್ಲ ನಡೆದ ವರ್ಷವೇ ರೇಸಿಂಗಿನ ಕಿರೀಟವು ಜಾರಿತು. ೧೮೯೭ರಲ್ಲಿ ಹುಟ್ಟಿದ ಯೂನಿಯನ್ ಸೇಂ-ಜಿಲ್ಲ್ವಾಸ್ ಎಂಬ ನೆರೆಯ ಸಂಘವು ೧೯೦೪ರಿಂದ ೧೯೦೭ರವರೆಗೆ ನಾಲ್ಕು ವರ್ಷ ಅಗ್ರಪದವಿಯನ್ನು ಹಿಡಿದುಕೊಂಡಿತು. ೧೯೦೮ರಲ್ಲಿ ರೇಸಿಂಗಿನವರು ಅದನ್ನು ಮತ್ತೆ ಕಿತ್ತುಕೊಂಡರು. ಅದು ಅವರ ಆರನೆಯದು, ಕಡೆಯದು. ೧೯೧೨ರಲ್ಲಿ ಬೆಲ್ಜಿಯಂ ಬಟ್ಟಲಿನ ಪಂದ್ಯಗಳು ಮೊದಲ ಬಾರಿಗೆ ನಡೆದಾಗ ಘೆಂಟಿನ ರೇಸಿಂಗ್ ಕ್ಲಬ್ಬನ್ನು ಒಂದೇ ಗೋಲಿನಿಂದ ಸೋಲಿಸಿ ಬ್ರಸೆಲ್ಸಿನ ರೇಸಿಂಗ್ ಆ ಬಟ್ಟಲನ್ನು ಗೆದ್ದಿತು. ಆ ಬಟ್ಟಲಿನ ಮೇಲೆ ಮೊಟ್ಟಮೊದಲು ಹೆಸರು ಕೆತ್ತಿಸಿಕೊಂಡ ಸಂಘವೆಂಬ ಹೆಮ್ಮೆ ಅದಕ್ಕುಂಟು. ಅಲ್ಲಿಂದ ಮುಂದೆ ದೊಡ್ಡ ಗೆಲವು ಬರಲಿಲ್ಲ.

೧೯೧೪ನೆಯ ಆಗಸ್ಟಿನಲ್ಲಿ ಜರ್ಮನ್ ಸೈನ್ಯವು ಬ್ರಸೆಲ್ಸನ್ನು ಹೊಕ್ಕಿತು. ಐದು ವರ್ಷಕಾಲ ದೇಶದ ಲೀಗ್ ಪಂದ್ಯಗಳೇ ಇರಲಿಲ್ಲ. ಯುದ್ಧವು ಮುಗಿದು ಆಟವು ಮತ್ತೆ ಆರಂಭವಾದಾಗ ನೋಡುವವರೂ ಆಡುವವರೂ ಬದಲಾಗಿದ್ದರು. ಕಾಲ್ಚೆಂಡು ತೋಟದ ಮನೆಗಳನ್ನು ಬಿಟ್ಟು ಕಾರ್ಖಾನೆಯ ಬೀದಿಗಳಿಗೆ ಇಳಿದಿತ್ತು. ೧೯೨೦ರಲ್ಲಿ ಆಂಟ್‌ವರ್ಪಿನಲ್ಲಿ ನಡೆದ ಒಲಿಂಪಿಕ್ ಕ್ರೀಡೆಗಳಲ್ಲಿ ಬೆಲ್ಜಿಯಂ ಕಾಲ್ಚೆಂಡಿನ ಚಿನ್ನದ ಪದಕವನ್ನು ಪಡೆಯಿತು. ಅಂತಿಮ ಪಂದ್ಯದಲ್ಲಿ ಎರಡು ಗೋಲು ಹಿಂದೆಬಿದ್ದ ಚೆಕೊಸ್ಲೊವಾಕಿಯದವರು ತೀರ್ಪುಗಾರರ ಮೇಲೆ ಮುನಿದು ಬಯಲು ಬಿಟ್ಟು ಹೊರಟುಹೋದರು. ಆ ಗೆಲವಿನಿಂದ ಆಟಕ್ಕೆ ಬಂದ ಜನಪ್ರಿಯತೆಯ ಲಾಭವನ್ನು ಪಡೆದವರು ಬೇರೆಯವರು. ಬ್ರಸೆಲ್ಸಿನ ಕಾಲುವೆಯ ದಡದಲ್ಲಿ ಮೋಲೆನ್‌ಬೇಕ್ ಎಂಬ ಕಾರ್ಮಿಕರ ಉಪನಗರವುಂಟು. ಅದರ ಹೊಗೆಗೊಳವಿಗಳ ದೆಸೆಯಿಂದ ಅದಕ್ಕೆ ಚಿಕ್ಕ ಮ್ಯಾಂಚೆಸ್ಟರ್ ಎಂದು ಅಡ್ಡಹೆಸರು. ಡೇರಿಂಗ್ ಕ್ಲಬ್ಬು ಅಲ್ಲಿಯದು. ಆ ಡೇರಿಂಗಿಗೂ ಯೂನಿಯನ್ನಿಗೂ ನಡೆಯುತ್ತಿದ್ದ ಪಂದ್ಯಗಳೆಂದರೆ ಬ್ರಸೆಲ್ಸಿನ ಸಾಮಾನ್ಯ ಜನರಿಗೆ ಜಾತ್ರೆ. ೧೯೩೩ರಿಂದ ೧೯೩೫ರವರೆಗೆ ಯೂನಿಯನ್ನಿನವರು ಲೀಗಿನಲ್ಲಿ ಅರುವತ್ತು ಪಂದ್ಯಗಳನ್ನು ಸೋಲಿಲ್ಲದೆ ಆಡಿದರು. ಆ ಸರಣಿಯನ್ನು ಮುರಿದವರು ಡೇರಿಂಗಿನವರೇ. ಈ ಎರಡು ಸಂಘಗಳ ಅಭಿಮಾನಿಗಳ ಮನೆಜಗಳವನ್ನೇ ವಸ್ತುವಾಗಿಟ್ಟುಕೊಂಡು ೧೯೩೮ರಲ್ಲಿ ಬೊಸ್ಸೆಮಾನ್ಸ್ ಮತ್ತು ಕೊಪ್ಪೆನೊಲ್ಲೆ ಎಂಬ ಹಾಸ್ಯ ನಾಟಕವು ರಂಗಕ್ಕೆ ಬಂದು ನಗರದ ಬಾಯಿಗೆಲ್ಲ ತುತ್ತಾಯಿತು.

ಆ ನಾಟಕದ ಜಗಳದಲ್ಲಿ ರೇಸಿಂಗಿಗೆ ಪಾತ್ರವಿಲ್ಲ. ಅಗ್ರಪದವಿಗಳ ಪಟ್ಟಿಗಿಂತ ಇದೇ ನಮಗೆ ಹೆಚ್ಚು ಹೇಳುತ್ತದೆ. ಆರು ಸಲ ದೇಶವನ್ನು ಗೆದ್ದ ಸಂಘಕ್ಕಾಗಿ ಮಾವ ಅಳಿಯಂದಿರು ಜಗಳವಾಡಲಿಲ್ಲ. ಅಂಗಡಿ ಬೀದಿಯಲ್ಲಿ ಪಂತ ಕಟ್ಟಲಿಲ್ಲ. ಹೆಬ್ಬಾತಿನ ಕೊಳವು ದೂರ. ಅಲ್ಲಿನ ಮನೆಗಳು ದೊಡ್ಡವು. ದೊಡ್ಡ ಮನೆಗಳಲ್ಲಿ ಜನರು ಕಡಮೆ. ರೇಸಿಂಗಿಗೆ ಸದಸ್ಯರಿದ್ದರು, ಜನರಿರಲಿಲ್ಲ. ಅದು ಮೊದಲನೆಯ ದರ್ಜೆಯಿಂದ ಇಳಿದು ಏರಿ, ಏರಿ ಇಳಿದು, ಕಾಲ ನೂಕಿತು. ಎರಡನೆಯ ಮಹಾಯುದ್ಧದ ತರುವಾಯ ನಗರದ ಪಶ್ಚಿಮದಿಂದ ಆಂದರ್‌ಲೆಕ್ಟ್ ಎಂಬ ಸಂಘವು ಎದ್ದು ೧೯೪೭ರಲ್ಲಿ ಮೊದಲನೆಯ ಬಾರಿ ಅಗ್ರಪದವಿ ಪಡೆದು ಬ್ರಸೆಲ್ಸಿನ ಅಭಿಮಾನವನ್ನೆಲ್ಲ ತನ್ನ ಕಡೆಗೆ ಎಳೆದುಕೊಂಡಿತು. ಹಳೆಯ ಸಂಘಗಳಿಗೆ ಉಳಿದದ್ದು ಹಳೆಯತನವೊಂದೇ.

ಹಳೆಯತನವನ್ನು ಬೆಲ್ಜಿಯಂನವರು ಅಂಕಿಯಲ್ಲಿ ಬರೆದಿಟ್ಟಿದ್ದಾರೆ. ೧೯೨೬ನೆಯ ವರ್ಷದ ಕೊನೆಯಲ್ಲಿ ಒಕ್ಕೂಟದವರು ಪ್ರತಿಯೊಂದು ಸಂಘಕ್ಕೂ ಹಿರಿತನದ ಮೇರೆಗೆ ಒಂದು ನೋಂದಣಿ ಸಂಖ್ಯೆಯನ್ನು ಕೊಟ್ಟರು. ಆಂಟ್‌ವರ್ಪಿಗೆ ೧, ಡೇರಿಂಗಿಗೆ ೨, ಬ್ರೂಜಿಗೆ ೩, ಲಿಯೇಜಿಗೆ ೪, ರೇಸಿಂಗಿಗೆ ೬. ಇದು ಬರಿಯ ಕಾಗದದ ಲೆಕ್ಕವೆಂದು ತಿಳಿಯಬಾರದು. ಹೆಸರು ಬದಲಾದರೂ ಬಣ್ಣ ಬದಲಾದರೂ ಊರು ಬದಲಾದರೂ ಸಂಖ್ಯೆಯುಳಿದರೆ ಸಂಘವುಳಿಯಿತು. ಸಂಖ್ಯೆಯಳಿದರೆ ಸಂಘವಳಿಯಿತು ಎಂದು ಅಲ್ಲಿನವರ ಭಾವನೆ. ನಮ್ಮಲ್ಲಿ ಗೋತ್ರವಿದ್ದಂತೆ ಅಲ್ಲಿ ಈ ಸಂಖ್ಯೆ. ಎರಡು ಸಂಘಗಳು ಕೂಡಿ ಒಂದಾಗುವಾಗ ಒಂದರ ಸಂಖ್ಯೆಯನ್ನು ಇಟ್ಟುಕೊಂಡು ಇನ್ನೊಂದನ್ನು ಅಳಿಸಬೇಕು. ಹೆಣ್ಣು ಮದುವೆಯಾಗಿ ಗಂಡನ ಗೋತ್ರಕ್ಕೆ ಸೇರಿದಂತೆಯೇ ಆಯಿತು.

೧೯೬೩ರಲ್ಲಿ ರೇಸಿಂಗಿನ ಕಾಲ್ಚೆಂಡು ವಿಭಾಗವು ನಗರದ ಪೂರ್ವದ ವೊಲುವೆಯ ವೈಟ್ ಸ್ಟಾರ್ ಸಂಘದೊಡನೆ ಕೂಡಿತು. ಹೊಸ ಸಂಘಕ್ಕೆ ರೇಸಿಂಗ್ ವೈಟ್ ಎಂದು ಹೆಸರಾಯಿತು. ಹೆಸರಿನಲ್ಲಿ ರೇಸಿಂಗ್ ಮುಂದೆ ನಿಂತಿತು. ಆದರೆ ಉಳಿದ ಸಂಖ್ಯೆ ವೈಟ್ ಸ್ಟಾರಿನ ೪೭. ಆರನೆಯ ಸಂಖ್ಯೆಯು ಲೀಗಿನ ಪಟ್ಟಿಯಿಂದ ಹೋಯಿತು. ಹೆಸರನ್ನು ಪಡೆದು ಕುಲವನ್ನು ಕೊಟ್ಟಂತಾಯಿತೆಂದು ನಮಗೆ ತೋರುತ್ತದೆ. ಆದರೂ ಆಗ ಸಂಘವನ್ನು ನಡೆಸುತ್ತಿದ್ದವರನ್ನು ದೂರುವುದಕ್ಕೆ ಮನಸ್ಸು ಬಾರದು. ಸಂಬಳ ಕೊಟ್ಟು ಆಟಗಾರರನ್ನು ಇಟ್ಟುಕೊಳ್ಳಬೇಕಾದ ಕಾಲದಲ್ಲಿ ಖಾಲಿ ಅಟ್ಟಣೆಯ ಮುಂದೆ ಎಷ್ಟು ವರ್ಷ ಆಡಿಸಿಯಾರು?

ಮುಂದಿನದನ್ನು ಬೇಗ ಹೇಳಿಬಿಡುತ್ತೇವೆ. ರೇಸಿಂಗ್ ವೈಟ್ ೧೯೬೯ರಲ್ಲಿ ಬೆಲ್ಜಿಯಂ ಬಟ್ಟಲಿನ ಅಂತಿಮ ಪಂದ್ಯದವರೆಗೆ ಹೋಗಿ ಲಿಯೆರ್ಸ್ ಸಂಘಕ್ಕೆ ಸೋತಿತು. ೧೯೭೩ರಲ್ಲಿ ಅದೂ ಮೋಲೆನ್‌ಬೇಕಿನ ಡೇರಿಂಗೂ ಕೂಡಿದುವು. ಡೇರಿಂಗಿನ ೨ನೆಯ ಸಂಖ್ಯೆಯೂ ಅಳಿಯಿತು; ೪೭ ಮತ್ತೆ ಉಳಿಯಿತು. ತೋಟದ ಮನೆಗಳ ರೇಸಿಂಗು ಕಡೆಗೆ ಚಿಕ್ಕ ಮ್ಯಾಂಚೆಸ್ಟರಿನ ಹೊಗೆಯೊಳಗೆ ಬಂದು ಸೇರಿತಲ್ಲ! ರೇಸಿಂಗ್ ವೈಟ್ ಡೇರಿಂಗ್ ಮೋಲೆನ್‌ಬೇಕ್ ಎಂಬ ಅಷ್ಟುದ್ದ ಹೆಸರಿನ ಈ ಸಂಘವು ೧೯೭೫ರಲ್ಲಿ ದೇಶದ ಅಗ್ರಪದವಿಯನ್ನು ಪಡೆಯಿತು. ೧೯೭೭ರಲ್ಲಿ ಯೂರೋಪಿನ ಯುಯೆಫಾ ಬಟ್ಟಲಿನ ಉಪಾಂತ್ಯ ಪಂದ್ಯದಲ್ಲಿ ಸ್ಪೇನಿನ ಬಿಲ್ಬಾವೊ ತಂಡದೊಡನೆ ಎರಡು ಸಲವೂ ಸಮಸಮವಾಗಿ ಆಡಿ, ಎದುರಾಳಿಯ ಬಯಲಿನಲ್ಲಿ ಹೊಡೆದ ಗೋಲಿಗೆ ಹೆಚ್ಚು ಬೆಲೆಯೆಂಬ ಕಟ್ಟಳೆಯಿಂದ ಹೊರಬಿದ್ದಿತು. ಸಾಲದ ಹೊರೆಯಿಂದ ೨೦೦೨ರಲ್ಲಿ ಆ ಸಂಘವೂ ಮುಚ್ಚಿಹೋಯಿತು. ಅದರ ಹೆಸರಿನಲ್ಲಿ ತರುವಾಯ ಮೋಲೆನ್‌ಬೇಕಿನಲ್ಲಿ ಎದ್ದ ಹೊಸ ಸಂಘಗಳ ಕಥೆ ಬೇರೆ; ಅವು ರೇಸಿಂಗಿನ ಮಕ್ಕಳೋ ಮೊಮ್ಮಕ್ಕಳೋ ಎಂದು ಲೆಕ್ಕಹಾಕುವುದನ್ನು ಅಲ್ಲಿನ ಅಭಿಮಾನಿಗಳಿಗೇ ಬಿಡುವುದು ಮೇಲು.

ಇಷ್ಟಾದರೂ ಹೆಬ್ಬಾತಿನ ಕೊಳದಲ್ಲಿ ಆಟವು ನಿಂತಿಲ್ಲ. ೧೯೬೩ರಲ್ಲಿ ಹೊರಟುಹೋದದ್ದು ಕಾಲ್ಚೆಂಡು ಮಾತ್ರ. ಓಟದ ಕೂಟವಾಗಿ ಹುಟ್ಟಿ ಹಲವು ಆಟಗಳನ್ನು ಮಡಿಲಲ್ಲಿಟ್ಟುಕೊಂಡಿದ್ದ ರೇಸಿಂಗ್ ಕ್ಲಬ್ಬಿನವರು ಉಕ್ಲಿನಲ್ಲಿಯೇ ಉಳಿದು ಹಾಕಿಯನ್ನೂ ಟೆನ್ನಿಸನ್ನೂ ಆಡುತ್ತ ಬಂದರು. ೨೦೧೮ನೆಯ ಡಿಸೆಂಬರಿನಲ್ಲಿ ಒಡಿಶಾದ ಭುವನೇಶ್ವರದಲ್ಲಿ ಬೆಲ್ಜಿಯಂನವರು ಹಾಲೆಂಡಿನವರನ್ನು ಸೋಲಿಸಿ ಮೊದಲ ಬಾರಿಗೆ ಹಾಕಿಯ ವಿಶ್ವಕಪ್ಪನ್ನು ಗೆದ್ದುದು ಶ್ರೋತೃಗಳಲ್ಲಿ ಅನೇಕರಿಗೆ ನೆನಪಿರಬಹುದು. ಹಾಕಿಯನ್ನು ತನ್ನದೆಂದು ನಂಬಿದ ನಮ್ಮ ದೇಶದಲ್ಲಿ ಅಂದು ಹಲವರು, ಈ ಚಿಕ್ಕ ದೇಶದವರು ಎಲ್ಲಿಂದ ಬಂದರಪ್ಪ ಎಂದು ಬೆರಗಾದರು. ಆ ತಂಡದಲ್ಲಿ ರೇಸಿಂಗ್ ಕ್ಲಬ್ಬಿನ ಅಂಗಿಯನ್ನು ತೊಟ್ಟು ಆಡಿದವರೂ ಇದ್ದರು.

ಬ್ರಸೆಲ್ಸಿಗೆ ಹೋದವರು ದಕ್ಷಿಣದ ರೈಲಿನಲ್ಲಿ ಕುಳಿತರೆ ಕಾಡಿನ ಅಂಚಿನಲ್ಲಿ ಒಂದು ಚಿಕ್ಕ ನಿಲ್ದಾಣವು ಸಿಕ್ಕುತ್ತದೆ. ಅದರ ಹೆಸರನ್ನು ಎರಡು ಭಾಷೆಗಳಲ್ಲಿ ಬರೆದಿದೆ: ಫ್ರೆಂಚಿನಲ್ಲಿ ವಿವಿಯೆ ದ್ವಾ, ಫ್ಲೆಮಿಷಿನಲ್ಲಿ ಡೀಸ್‌ಡೆಲ್ಲೆ. ಇಳಿದು ಸ್ವಲ್ಪ ದೂರ ನಡೆದರೆ ಆ ಬಯಲು.